ಲೇಸರ್ ದೃಷ್ಟಿಶಸ್ತ್ರಚಿಕಿತ್ಸೆ: ಅಪಾಯ ಮತ್ತು ಸುರಕ್ಷತೆಯ ಇತಿಹಾಸ

ಕನ್ನಡಕದ ಅವಲಂಬನೆಯನ್ನು ತಪ್ಪಿಸುವ ಸಲುವಾಗಿ ಕಾರ್ನಿಯಾ ಎಂಬ ಕಣ್ಣಿನ ಪಾರದರ್ಶಕ ಮುಂಪಟಲದ ವಕ್ರತೆಯನ್ನು ತಿದ್ದುವ ಈ ಚಿಕಿತ್ಸೆಯು ರೋಗರಹಿತವಾದ ಅಂಗದ ಮೇಲೆ ನಡೆಯತಕ್ಕದ್ದಾದುದರಿಂದ, ಇದರಲ್ಲಿ ಒದಗುವ ಅಲ್ಪಹಾನಿಯನ್ನೂ ಅಲ್ಪವೆಂದು ಎಣಿಸಲಾಗದು.

ಲೇಸರಿಗೆ ಮುಂಚಿನ ಪ್ರಯತ್ನಗಳಲ್ಲಿಯೇ ಈ ಮಾತಿಗೆ ದಾರುಣವಾದ ನಿದರ್ಶನವುಂಟು. ಜಪಾನಿನ ತ್ಸುತೋಮು ಸಾಟೊ ಅವರು 1930 ಮತ್ತು 40ರ ದಶಕಗಳಲ್ಲಿ ಕಾರ್ನಿಯಾದ ಒಳಮೈಯನ್ನು ಸಹ ಗೀರಿ ಸಮೀಪದೃಷ್ಟಿಯನ್ನು ಸರಿಪಡಿಸಲು ತೊಡಗಿದರು; ಮೊದಮೊದಲು ನೋಟ ತಿಳಿಯಾಯಿತಾದರೂ, ಒಮ್ಮೆ ನಶಿಸಿದರೆ ಮರಳಿ ಹುಟ್ಟದ ಒಳಪದರದ ಜೀವಕೋಶಗಳು ಆ ಗೀರುಗಳಿಂದ ಹಾಳಾಗಿದ್ದುದರಿಂದ, ವರ್ಷಗಳು ಉರುಳಿದ ಮೇಲೆ ಅನೇಕರ ಕಾರ್ನಿಯಾ ನೀರುಂಡು ಊದಿ ಮಸುಕಾಯಿತು. ಮಾಸ್ಕೋವಿನ ಸ್ವ್ಯಾತೊಸ್ಲಾವ್ ಫ್ಯೋದರೋವ್ ಅವರು 1970ರ ದಶಕದಲ್ಲಿ ಹೊರಮೈಯನ್ನು ಮಾತ್ರ ಗೀರುವ ಕ್ರಮವನ್ನು ಬಳಕೆಗೆ ತಂದರು. ಆದರೂ ಹಾಗೆ ಗೀರಿದ ಕಣ್ಣುಗಳನ್ನು ಹತ್ತು ವರ್ಷ ಪರೀಕ್ಷಿಸುತ್ತ ಬಂದ ಅಮೆರಿಕದ ಅಧ್ಯಯನವು, ಶೇಕಡ 43ರಷ್ಟು ಕಣ್ಣುಗಳು ಒಂದು ಡಯಾಪ್ಟರಿಗೆ (ಡಯಾಪ್ಟರ್ ಎಂದರೆ ಮಸೂರದ ಶಕ್ತಿಯ ಅಳತೆ) ಕಡಮೆಯಿಲ್ಲದಂತೆ ದೂರದೃಷ್ಟಿಯ ಕಡೆಗೆ ಸರಿದಿದ್ದುವೆಂದು 1994ರಲ್ಲಿ ತಿಳಿಸಿತು.

ಅಷ್ಟರಲ್ಲಿ ಲೇಸರ್ ಬಂದಿದ್ದಿತು. ಐಬಿಎಂ ಸಂಸ್ಥೆಯ ಯಾರ್ಕ್‌ಟೌನ್ ಹೈಟ್ಸ್ ಪ್ರಯೋಗಾಲಯದಲ್ಲಿ, ಮದರಾಸಿನಲ್ಲಿ ಜನಿಸಿದ ರಂಗಸ್ವಾಮಿ ಶ್ರೀನಿವಾಸನ್ ಅವರು 1981ರ ನವೆಂಬರಿನಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಅವಶೇಷದ ಮೇಲೆ 193 ನ್ಯಾನೋಮೀಟರ್ ತರಂಗದೂರದ ಎಕ್ಸೈಮರ್ ಲೇಸರನ್ನು ಹಾಯಿಸಿ, ಸುತ್ತಲಿನ ಅಂಗಾಂಶವು ಕರಕಾಗದಂತೆ ಅದು ಕೊರೆಯಬಲ್ಲುದೆಂಬುದನ್ನು ಕಂಡರು. ನೇತ್ರವೈದ್ಯ ಸ್ಟೀಫನ್ ಟ್ರೋಕೆಲ್ ಅವರು 1983ರಲ್ಲಿ ಇದನ್ನು ಕಾರ್ನಿಯಾಕ್ಕೆ ಅನ್ವಯಿಸಿದರು. 1988ರಲ್ಲಿ ನೇತ್ರವೈದ್ಯೆ ಮಾರ್ಗರೀಟ್ ಮೆಕ್‌ಡೊನಾಲ್ಡ್ ಅವರು ನೋಟವುಳ್ಳ ಮಾನವನೇತ್ರದ ಮೇಲೆ ಪ್ರಯೋಗಿಸಿದರು. ಆ ಕಣ್ಣು ಅರ್ಬುದರೋಗದ ನಿಮಿತ್ತ ತೆಗೆದುಹಾಕಲ್ಪಡಲಿದ್ದ ರೋಗಿಯೊಬ್ಬರದು. ಮುಂದೆ ಇದರ ಫಲವನ್ನು ಉಂಡವರೆಲ್ಲರೂ ಆ ಮಹನೀಯರಿಗೆ ಋಣಿಗಳು.

ಗ್ರೀಸಿನ ಕ್ರೀಟ್ ದ್ವೀಪದ ಇಯೋನಿಸ್ ಪಾಲಿಕಾರಿಸ್ ಅವರು ರೂಪಿಸಿದ ಲೇಸಿಕ್ ಪದ್ಧತಿಯಲ್ಲಿ ಕಾರ್ನಿಯಾದ ತೆಳುಪದರವೊಂದನ್ನು ಮುಚ್ಚಳದಂತೆ ಎತ್ತಿ, ಅದರಡಿಯ ಭಾಗವನ್ನು ಲೇಸರಿನಿಂದ ಕೆತ್ತಿ, ಪದರವನ್ನು ಮರಳಿ ಹೊದಿಸುವುದುಂಟು. ನೋವು ಕಡಮೆ, ನೋಟ ಬೇಗನೆ ಮರಳುವುದು. ಆದರೆ ಪದರವನ್ನು ಕೊಯ್ಯುವಾಗ ಸೂಕ್ಷ್ಮನರಗಳೂ ತುಂಡಾಗುವುದರಿಂದ ಕಣ್ಣು ಒಣಗುತ್ತದೆ. ಉಳಿದ ಭಾಗವು ತೀರ ತೆಳುವಾದರೆ, ಅಥವಾ ಮೊದಲೇ ದುರ್ಬಲವಾಗಿದ್ದರೆ, ಕಣ್ಣಿನೊಳಗಿನ ಒತ್ತಡಕ್ಕೆ ಕಾರ್ನಿಯಾ ಕ್ರಮೇಣ ಮುಂದಕ್ಕೆ ಉಬ್ಬುತ್ತದೆ. ನೇತ್ರವೈದ್ಯ ಥಿಯೋ ಸೈಲರ್ ಅವರು 1998ರಲ್ಲಿ ಇಂತಹ ಉಬ್ಬನ್ನು ವರದಿ ಮಾಡಿದ ತರುವಾಯ, ಕೆತ್ತನೆಯ ನಂತರ ಕನಿಷ್ಠ 250 ಮೈಕ್ರಾನ್ ದಪ್ಪ ಉಳಿಯಬೇಕೆಂಬ ಎಚ್ಚರವೂ, ಕಾರ್ನಿಯಾದ ಮೇಲ್ಮೈನಕ್ಷೆಯನ್ನು ಪರಿಶೀಲಿಸಿ ಅನರ್ಹರನ್ನು ಹಿಂದಿರುಗಿಸುವ ರೂಢಿಯೂ ಬಲಗೊಂಡುವು.

ಚಿಕಿತ್ಸೆಯ ಬಳಿಕ ಅಕ್ಷರಫಲಕವನ್ನು ನಿರಾಯಾಸವಾಗಿ ಓದಿದವರೂ ಇರುಳಿನಲ್ಲಿ ದೀಪಗಳ ಸುತ್ತ ಪ್ರಭಾವಲಯ ಕಾಣುತ್ತದೆಂದು ದೂರಿದಾಗ, ಆ ದೂರು ಬಹುಕಾಲ ಯಾವ ಲೆಕ್ಕಕ್ಕೂ ಸೇರಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಕೈಗೊಂಡು, 2017ರಲ್ಲಿ ಫಲಿತಾಂಶ ಪ್ರಕಟವಾದ ಅಧ್ಯಯನದಲ್ಲಿ ಪ್ರಶ್ನೆಯನ್ನು ರೋಗಿಗಳನ್ನೇ ಕೇಳಲಾಯಿತು: ಬಹುತೇಕರು ತೃಪ್ತರಾಗಿದ್ದರು, ಆದರೆ ಮೊದಲು ಇಂತಹ ಲಕ್ಷಣವೊಂದೂ ಇಲ್ಲದಿದ್ದವರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿ, ಮೂರು ತಿಂಗಳ ಬಳಿಕ ಒಂದಾದರೂ ಹೊಸ ದೃಷ್ಟಿಲಕ್ಷಣವನ್ನು ಹೇಳಿಕೊಂಡರು.