ಸೋಲಿನ ಗೆರೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಕೆರೆಯ ಏರಿಯ ಮೇಲೋ ಹೊಲದ ಬದುವಿನಲ್ಲೋ ವೀರಗಲ್ಲೊಂದು ಎದುರಾಗುವುದು ಅಪರೂಪವಲ್ಲ. ಗಂಗರು, ಬಾಣರು, ನೊಳಂಬರು ಆಳಿದ ನೆಲವಿದು. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದರೆ, ತುರುಗಳನ್ನು ಮರಳಿಸಹೋಗಿ ಮಡಿದವರ ನೆನಪು ಮತ್ತೆ ಮತ್ತೆ ಬರುತ್ತದೆ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಆ ಕಾಳಗಕ್ಕೆ ಮುಗಿತಾಯ ಒಂದೇ: ಸಾವು.

ಗರಡಿಯ ಕಾಳಗ ಬೇರೆ. ಅಲ್ಲಿ ಸೋತವನು ಮೈಯ ಮಣ್ಣು ಕೊಡವಿಕೊಂಡು ಎದ್ದು ಮನೆಗೆ ಹೋಗುತ್ತಾನೆ. ಎಲ್ಲಿಗೆ ಬಂದರೆ ಸೋಲು ಎಂಬ ಗೆರೆಯನ್ನು ಇಬ್ಬರೂ ಮೊದಲೇ ಒಪ್ಪಿರುತ್ತಾರೆ. ಜಗತ್ತಿನ ಮಲ್ಲವಿದ್ಯೆಗಳು ಒಂದರಿಂದೊಂದು ಬೇರೆಯಾಗುವುದು ತೋಳಿನ ಬಲದಿಂದಲ್ಲ, ಈ ಗೆರೆಯನ್ನು ಎಳೆಯುವ ಬಗೆಯಿಂದ ಎಂಬುದು ನನ್ನ ಎಣಿಕೆ. ಪಟ್ಟುಗಳು ಹುಟ್ಟುವುದೂ ಅದರಿಂದಲೇ.

ನಮ್ಮ ನಾಡಕುಸ್ತಿಯನ್ನೇ ನೋಡಿ. ಗರಡಿಯ ದೇವರು ಆಂಜನೇಯ; ಮುಳಬಾಗಿಲಿನ ಆಂಜನೇಯನನ್ನು ಅರ್ಜುನನೇ ಪ್ರತಿಷ್ಠಾಪಿಸಿದನೆಂಬ ಐತಿಹ್ಯ ಈ ಸೀಮೆಯವರಿಗೆ ತಿಳಿದದ್ದೇ. ಮಟ್ಟಿಯ ಮೇಲೆ ಎದುರಾಳಿಯ ಬೆನ್ನು ತಾಗಿಸಿ ಚಿತ್ ಮಾಡಿದರೆ ಗೆಲುವು. ಹೊಡೆಯುವಂತಿಲ್ಲ. ಆದ್ದರಿಂದ ಪೈಲ್ವಾನನು ಮುಖವನ್ನು ಕಾಯುವುದಿಲ್ಲ, ಬೆನ್ನನ್ನು ಕಾಯುತ್ತಾನೆ. ಕಷ್ಟ ಬಂದಾಗ ಬೋರಲು ಮಲಗಿ ನೆಲವನ್ನು ಅಪ್ಪಿಕೊಳ್ಳುವುದು ಅವನಿಗೆ ರಕ್ಷಣೆ. ಬಾಕ್ಸಿಂಗಿನಲ್ಲಿ ಹಾಗೆ ಮಲಗಿದರೆ ಹತ್ತು ಎಣಿಸುವುದರೊಳಗೆ ಸೋಲು. 1867ರ ಕ್ವೀನ್ಸ್‌ಬರಿ ನಿಯಮಗಳು ಕೈಗವಸು ತೊಡಿಸಿದವು, ಮೂರು ನಿಮಿಷದ ಸುತ್ತನ್ನು ಗೊತ್ತುಮಾಡಿದವು, ತಬ್ಬಿ ಕೆಡಹುವುದನ್ನು ನಿಷೇಧಿಸಿದವು. ಅಲ್ಲಿಂದ ಮುಂದೆ ಬಾಕ್ಸರನ ವಿದ್ಯೆಯೆಲ್ಲ ಮುಷ್ಟಿಯಲ್ಲೂ ದೂರವನ್ನು ಅಳೆಯುವ ಪಾದದಲ್ಲೂ ನೆಲೆಸಿತು.

1882ರಲ್ಲಿ ಜಪಾನಿನ ಜಿಗೋರೊ ಕಾನೊ ರೂಪಿಸಿದ ಜೂಡೊ ಇನ್ನೊಂದು ಬಗೆ. ಅಲ್ಲಿ ಎದುರಾಳಿಯ ಅಂಗಿಯ ಕೊರಳುಪಟ್ಟಿಯೇ ಹಿಡಿ. ಬಲವಾಗಿ, ಬೆನ್ನು ನೆಲಕ್ಕೆ ಬೀಳುವಂತೆ ಎಸೆದರೆ ಪಂದ್ಯ ಒಮ್ಮೆಲೇ ಮುಗಿಯುತ್ತದೆ. ಆದರೆ ಕುಸ್ತಿಯ ಜೀವಾಳವಾದ ಕಾಲುಹಿಡಿತವನ್ನು ಅಂತರರಾಷ್ಟ್ರೀಯ ಜೂಡೊ 2010ರಿಂದೀಚೆಗೆ ಹಂತಹಂತವಾಗಿ ಹೊರಗಿಟ್ಟಿತು. ಕುಸ್ತಿಯ ಒಳಗೇ ಗ್ರೀಕೊ-ರೋಮನ್ ಪದ್ಧತಿಯಲ್ಲಿ ಸೊಂಟದ ಕೆಳಗೆ ಕೈಯಿಡುವಂತಿಲ್ಲ, ಫ್ರೀಸ್ಟೈಲಿನಲ್ಲಿ ಇಡಬಹುದು.

ನಿಯಮವು ಆಟವನ್ನು ಎಷ್ಟು ಬದಲಿಸಬಲ್ಲದೆಂಬುದಕ್ಕೆ ಇತಿಹಾಸದಲ್ಲಿ ಒಂದು ನಿದರ್ಶನವಿದೆ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನಿಗೆ ಪೋಲೆಂಡಿನ ಜ್ಬಿಸ್ಕೊ ಎದುರಾದ. ಸುಮ್ಮನೆ ಬೋರಲು ಬಿದ್ದವನನ್ನು ದಂಡಿಸುವ ಕಟ್ಟಳೆ ಇರಲಿಲ್ಲ. ಜ್ಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಕಾಲ ಚಾಪೆಗೆ ಅಂಟಿಕೊಂಡಿದ್ದು ಪಂದ್ಯವನ್ನು ಸಮ ಮಾಡಿಕೊಂಡ. 1928ರಲ್ಲಿ ಪಟಿಯಾಲದಲ್ಲಿ ಅದೇ ಇಬ್ಬರು ಮತ್ತೆ ಸೆಣಸಿದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದ. ಇಂದಿನ ಮ್ಯಾಟ್ ಕುಸ್ತಿಯಲ್ಲಿ ಮೂರು ಮೂರು ನಿಮಿಷಗಳ ಎರಡೇ ಅವಧಿ. ಹೋರಾಡದೆ ಕಾಲ ಕಳೆಯುವವನಿಗೆ ದಂಡನೆಯೂ ಉಂಟು. ಫ್ರೀಸ್ಟೈಲಿನಲ್ಲಿ ಹತ್ತು ಅಂಕಗಳ ಅಂತರ ಬಂದರೆ, ಬೆನ್ನು ತಾಗದಿದ್ದರೂ ಗೆಲುವು. ಮಣ್ಣಿನಲ್ಲಿ ತಾಳ್ಮೆ ಕಲಿತ ಹಳ್ಳಿಯ ಹುಡುಗನು ಒಲಿಂಪಿಕ್ಸಿನ ಕನಸು ಕಂಡರೆ ಮೊದಲು ಗಡಿಯಾರವನ್ನು ಕಲಿಯಬೇಕಾಗುತ್ತದೆ. ಅವನ ಬಲ ಕುಗ್ಗಿಲ್ಲ, ಗೆರೆ ಸರಿದಿದೆ.

ಹಾಗೆಂದು ನಿಯಮವೆಂಬುದು ಹೊರನಾಡಿನಿಂದ ಬಂದ ವಸ್ತುವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಂತೆ ವಿಂಗಡಿಸಿದ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗವಂತೂ ನೋಡಲು ಎಲ್ಲಕ್ಕಿಂತ ಉಗ್ರ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಸೆಣಸುತ್ತಾರೆ. ಆದರೆ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಜಿನುಗಿತೋ, ಕಾಳಗ ಅಲ್ಲಿಗೇ ನಿಂತಿತು. ಆಯುಧ ಹರಿತವಾದಷ್ಟೂ ಗೆರೆಯನ್ನು ಹತ್ತಿರ ಎಳೆದಿದ್ದಾರೆ!

ಗೆರೆ ದಾಟಿದರೆ ಏನಾಗುತ್ತದೆಂಬುದನ್ನು ನಮಗೆ ಹೇಳಿದವರು ಕವಿಗಳು. ಗದೆಯ ಕಾಳಗದಲ್ಲಿ ನಾಭಿಯ ಕೆಳಗೆ ಹೊಡೆಯಬಾರದು. ಭೀಮ ಹೊಡೆದದ್ದು ತೊಡೆಗೆ. ಪ್ರತಿಜ್ಞೆಯೇನೋ ನೆರವೇರಿತು, ಆದರೆ ಭಾರತದ ಕಥೆಯಲ್ಲಿ ಬಲರಾಮನ ಕೋಪ ಉರಿದೆದ್ದಿತು. ಹತ್ತನೆಯ ಶತಮಾನದ ರನ್ನನು ಇದೇ ಕಾಳಗವನ್ನು ಕಾವ್ಯದ ವಸ್ತುವಾಗಿ ಆರಿಸಿಕೊಂಡು, ಭೀಮನನ್ನು ನಾಯಕನನ್ನಾಗಿ ಮಾಡಿಯೂ ಸೋಲುವ ದುರ್ಯೋಧನನಿಗೆ ನಮ್ಮ ಮರುಕವನ್ನು ಉಳಿಸಿಕೊಟ್ಟ. ಕೋಲಾರದ ಗಡಿಯಾಚೆ, ಚಿತ್ತೂರಿನ ಕಡೆಯಲ್ಲೂ ಉತ್ತರ ತಮಿಳುನಾಡಿನಲ್ಲೂ, ದ್ರೌಪದಿಯ ಉತ್ಸವದ ಕೊನೆಗೆ ನೆಲದ ಮೇಲೆ ಮಣ್ಣಿನ ದುರ್ಯೋಧನನನ್ನು ಭಾರಿಯಾಗಿ ರಚಿಸಿ, ಭೀಮನ ವೇಷಧಾರಿಯಿಂದ ಅವನ ತೊಡೆಗೆ ಹೊಡೆಸುತ್ತಾರೆ. ಮುರಿದ ನಿಯಮವೊಂದನ್ನು ಜನ ಇಷ್ಟು ಕಾಲ ಮರೆತಿಲ್ಲ.

ಗೆದ್ದವನಿಗೆ ನಿಯಮದ ಹಂಗು ಅಷ್ಟಾಗಿ ಇಲ್ಲ. ಅವನನ್ನು ಅವನ ಬಲವೇ ಕಾಯುತ್ತದೆ. ನಿಯಮವಿರುವುದು ಬಿದ್ದವನಿಗಾಗಿ. ವೀರಗಲ್ಲಿನ ವೀರನಿಗೆ ಸ್ವರ್ಗ ಸಿಕ್ಕಿತು, ಊರು ಕಲ್ಲು ನಿಲ್ಲಿಸಿತು. ಗರಡಿಯಲ್ಲಿ ಸೋತವನಿಗೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಅವನಿಗೆ ನಾಳೆಯ ಸಾಮು ಇದೆ.