ಹಕ್ಕಿ ತೋರಿಸಿಕೊಟ್ಟ ಸಲೀಂ ಅಲಿ

ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸಾಲ, ಗೊಬ್ಬರ, ಷೇರು ಬಿಟ್ಟು ಹಕ್ಕಿ ವಿಚಾರ ಯಾಕೆ ಅಂತ ಸದಸ್ಯ ಬಾಂಧವರು ಕೇಳಬಹುದು. ನಾವು ರೈತರು, ತೆನೆ ಕಟ್ಟಿದ ಹೊಲದಲ್ಲಿ ತಗಡು ಬಡಿದು ಹಕ್ಕಿ ಓಡಿಸುತ್ತಾ ಬೆಳೆದವರು. ಚಿಕ್ಕವರಿದ್ದಾಗ ಬಾವಿ ದಡದ ಈಚಲು ಮರದಿಂದ ಗೀಜಗನ ಗೂಡು ಕಿತ್ತು ಆಟ ಆಡಿದ್ದೇವೆ. ಆದ್ದರಿಂದಲೇ ಈ ಮಹನೀಯರ ಚರಿತ್ರೆ ನಮಗೆ ಬೇಕು.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳೆತನದಲ್ಲೇ ತಂದೆತಾಯಿ ತೀರಿಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದರು. ಅದರ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಇತ್ತು. ಇದ್ಯಾವ ಗುಬ್ಬಿ ಅಂತ ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಅಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಹೇಳಿಕೊಡುವವರು ಒಬ್ಬರಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

1926ರಲ್ಲಿ ಮುಂಬಯಿ ಮ್ಯೂಸಿಯಂನಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಕೆಲಸ ಸಿಕ್ಕಿತು. ನೋಡಲು ಬಂದವರಿಗೆ ಪ್ರಾಣಿಪಕ್ಷಿಗಳ ವಿಚಾರ ತಿಳಿಸಿ ಹೇಳುವ ಕೆಲಸ ಅದು. ಎರಡು ವರ್ಷದ ಮೇಲೆ ಹೆಚ್ಚಿನ ವಿದ್ಯೆಗೆ ಜರ್ಮನಿಗೆ ಹೋದರು. 1930ರಲ್ಲಿ ಹಿಂತಿರುಗಿದಾಗ ಹಣವಿಲ್ಲವೆಂದು ಆ ಹುದ್ದೆಯೇ ರದ್ದಾಗಿತ್ತು.

ಕೆಲಸವಿಲ್ಲವೆಂದು ಅವರು ಕೈಕಟ್ಟಿ ಕೂರಲಿಲ್ಲ. ಕಡಲತೀರದ ಕಿಹೀಂ ಎಂಬ ಹಳ್ಳಿಗೆ ಹೋಗಿ ನಮ್ಮ ಗೀಜಗನನ್ನೇ ನೋಡುತ್ತಾ ಕುಳಿತರು. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ, ಒಪ್ಪಿದರೆ ಗೂಡು ಪೂರ್ತಿಯಾಗುತ್ತದೆ. ಆಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕುತ್ತದೆ. ನಮ್ಮ ಕಣ್ಣೆದುರೇ ನಡೆಯುತ್ತಿದ್ದರೂ ನಾವು ನೋಡಲಿಲ್ಲ, ಅವರು ನೋಡಿದರು.

1939-40ರಲ್ಲಿ ಮೈಸೂರು ಸೀಮೆಯ ಹಕ್ಕಿಗಳ ಸರ್ವೆ ಮಾಡಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿ ನಡುಗಡ್ಡೆಗಳಲ್ಲಿ ಹಕ್ಕಿಗಳು ಮರಿ ಮಾಡುವುದನ್ನು ಕಂಡು ಮೈಸೂರು ಅರಸರಿಗೆ ತಿಳಿಸಿ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಬಂತು. 1941ರಲ್ಲಿ ಅವರು ಬರೆದ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಸಾಮಾನ್ಯರೂ ಚಿತ್ರ ನೋಡಿ ಹಕ್ಕಿ ಗುರುತಿಸುವಂತೆ ಮಾಡಿತು. 1976ರಲ್ಲಿ ಪದ್ಮವಿಭೂಷಣ ಬಂತು. 1987ರಲ್ಲಿ ನಿಧನರಾದರು.

ಗೀಜಗ ನಮ್ಮ ಕಾಳು ತಿನ್ನುವುದು ನಿಜ. ಆದರೆ ಮರಿಗೆ ಹೆಚ್ಚಾಗಿ ಉಣಿಸುವುದು ಹುಳುಗಳನ್ನು. ಈ ಲೆಕ್ಕವನ್ನು ನಾವು ಯಾವತ್ತೂ ಬರೆದಿಡಲಿಲ್ಲ. ಇವತ್ತು ನಮ್ಮ ಬಾವಿಗಳ ಮೇಲೆ ಈಚಲೂ ಇಲ್ಲ, ಗೂಡೂ ಇಲ್ಲ. ಕೆರೆ ಏರಿ ಮೇಲೆ ಉಳಿದಿರುವ ನಾಲ್ಕು ಮರಗಳನ್ನಾದರೂ ಕಡಿಯಬಾರದೆಂದು ಮುಂದಿನ ಮಹಾಸಭೆಯಲ್ಲಿ ಠರಾವು ಮಾಡೋಣ ಎಂಬುದು ನಮ್ಮ ವಿನಂತಿ.