ಆಪರೇಟಿಂಗ್ ಸಿಸ್ಟಂ ಅನುಸ್ಥಾಪನಾ ವೈಫಲ್ಯ

ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಮೊದಲಾದ ಕಾರ್ಯಾಚರಣಾ ವ್ಯವಸ್ಥೆಯನ್ನು ಅಳವಡಿಸುವ ಕ್ರಿಯೆಯು ನಡುವೆ ನಿಂತುಹೋಗುವುದನ್ನು, ಅಥವಾ ಮುಗಿದಂತೆ ಕಂಡರೂ ಗಣಕವು ಆರಂಭವಾಗದಿರುವುದನ್ನು ಆಪರೇಟಿಂಗ್ ಸಿಸ್ಟಂ ಅನುಸ್ಥಾಪನಾ ವೈಫಲ್ಯ ಎನ್ನುತ್ತಾರೆ. ಯಂತ್ರವೇ ಕೆಟ್ಟಿದೆ ಎಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲ. ಅನೇಕ ವೇಳೆ ದೋಷವು ಪೆನ್‌ಡ್ರೈವ್ ಅಥವಾ ಫರ್ಮ್‌ವೇರ್ ಆಯ್ಕೆಗಳಲ್ಲಿರುತ್ತದೆ.

ದತ್ತಾಂಶದ ರಕ್ಷಣೆ

ವೈಫಲ್ಯಕ್ಕಿಂತ ಹೆಚ್ಚಿನ ಹಾನಿಯು ಅವಸರದ ಮರುಪ್ರಯತ್ನದಿಂದ ಉಂಟಾಗುತ್ತದೆ. ವಿಭಾಗವನ್ನು ಫಾರ್ಮ್ಯಾಟ್ ಮಾಡಿದರೆ ಅದರಲ್ಲಿರುವ ಕಡತಗಳು ಕೈತಪ್ಪುತ್ತವೆ. ಆದ್ದರಿಂದ ಮೊದಲು ಲಿನಕ್ಸ್ ಪೆನ್‌ಡ್ರೈವಿನಿಂದ ಲೈವ್ ವಿಧಾನದಲ್ಲಿ ಗಣಕವನ್ನು ಆರಂಭಿಸಿ, ಬೇಕಾದ ಕಡತಗಳನ್ನು ಬೇರೆ ಡಿಸ್ಕಿಗೆ ನಕಲಿಸಬೇಕು. ಡಿಸ್ಕ್ ಬಿಟ್‌ಲಾಕರ್‌ನಿಂದ ಗೂಢಲಿಪೀಕರಣಗೊಂಡಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿ ಅಗತ್ಯ.

ಕಾರಣಗಳು ಮತ್ತು ಪರಿಹಾರ

ಇಳಿಸಿಕೊಂಡ ಐಎಸ್‌ಒ ಕಡತವು ಅಪೂರ್ಣವಾಗಿದ್ದರೆ ಅನುಸ್ಥಾಪನೆ ಅರ್ಧಕ್ಕೆ ನಿಲ್ಲುವುದುಂಟು. ಕಡತದ ಎಸ್‌ಎಚ್‌ಎ-256 ಮೊತ್ತವನ್ನು ಪ್ರಕಾಶಕರು ನೀಡಿದ ಮೊತ್ತದೊಡನೆ ಹೋಲಿಸಿದರೆ ಇದು ತಿಳಿಯುತ್ತದೆ. ಫ್ಯಾಟ್32 ಮಾದರಿಯ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಒಂಟಿ ಕಡತ ಹಿಡಿಸುವುದಿಲ್ಲ.

ಯುಇಎಫ್‌ಐ ವಿಧಾನದಲ್ಲಿ ಆರಂಭವಾದ ವಿಂಡೋಸ್ ಅನುಸ್ಥಾಪಕವು ಜಿಪಿಟಿ ಡಿಸ್ಕನ್ನು ಬಯಸುತ್ತದೆ. ಹಳೆಯ ಲೆಗಸಿ ವಿಧಾನದಲ್ಲಿ ಎಂಬಿಆರ್ ಇರಬೇಕು. ಇವೆರಡೂ ಹೊಂದದಿದ್ದಾಗ ಡಿಸ್ಕ್ ಕಂಡರೂ ಅನುಸ್ಥಾಪನೆ ಮುಂದುವರಿಯದು. ಪೆನ್‌ಡ್ರೈವನ್ನು ಸರಿಯಾದ ವಿಧಾನದಲ್ಲಿ ಆರಂಭಿಸುವುದೇ ಸುಲಭದ ಪರಿಹಾರ. ಡಿಸ್ಕನ್ನು ಅಳಿಸಿ ಪರಿವರ್ತಿಸುವುದು ಕೊನೆಯ ಮಾತು. ಡಿಸ್ಕ್ ಕಾಣಿಸದೇ ಇದ್ದರೆ, ವಿಶೇಷವಾಗಿ 11ನೇ ಪೀಳಿಗೆಯ ಹಾಗೂ ಅನಂತರದ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ, ವಿಎಂಡಿ ನಿಯಂತ್ರಕದ ಚಾಲಕ ತಂತ್ರಾಂಶವನ್ನು ಅನುಸ್ಥಾಪಕಕ್ಕೆ ಒದಗಿಸಬೇಕಾಗಬಹುದು.

ವಿಂಡೋಸ್ 11ಕ್ಕೆ ಟಿಪಿಎಂ 2.0, 4 ಜಿಬಿ ರ‍್ಯಾಮ್ ಹಾಗೂ 64 ಜಿಬಿ ಸಂಗ್ರಹಸ್ಥಳ ಕಡ್ಡಾಯ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ ಹಳೆಯ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಒಂದು ಯೋಗ್ಯ ಆಯ್ಕೆ. ಪ್ರತಿ ಬಾರಿಯೂ ಬೇರೆ ಬೇರೆ ಹಂತದಲ್ಲಿ ನಿಂತರೆ ರ‍್ಯಾಮ್ ಅಥವಾ ಡಿಸ್ಕನ್ನು ಶಂಕಿಸಬೇಕು.

ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸಂದರ್ಭ

ಗುಂಡ್ಲುಪೇಟೆಯು ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಮೈಸೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ದುರಸ್ತಿಗೆಂದು ಮೈಸೂರಿಗೆ ಹೋಗಿಬರುವ ವಿದ್ಯಾರ್ಥಿಗೆ ಒಂದು ದಿನದ ತರಗತಿ ತಪ್ಪುತ್ತದೆ. ಮೇಲಿನ ಪರೀಕ್ಷೆಗಳನ್ನು ಮನೆಯಲ್ಲೇ ಮಾಡಿಕೊಳ್ಳುವುದು ಲಾಭಕರ. ಬಂಡೀಪುರ ಕಾಡಂಚಿನ ಹಳ್ಳಿಗಳಲ್ಲಿ ಅಂತರಜಾಲ ಸಂಪರ್ಕ ದುರ್ಬಲವಾಗಿದ್ದರೆ, 5 ಜಿಬಿಗೂ ಮಿಕ್ಕಿದ ಐಎಸ್‌ಒ ಕಡತವನ್ನು ಚಾಮರಾಜನಗರದಲ್ಲೋ ಕಾಲೇಜಿನಲ್ಲೋ ಇಳಿಸಿಕೊಂಡು, ಪರಿಶೀಲಿಸಿ, ಒಂದೇ ಪೆನ್‌ಡ್ರೈವನ್ನು ಹಲವರು ಬಳಸಬಹುದು. ಅನುಸ್ಥಾಪನೆಯ ವೇಳೆ ನವೀಕರಣಗಳನ್ನು ಇಳಿಸುವ ಆಯ್ಕೆಯನ್ನು ಬಿಟ್ಟುಬಿಡುವುದು ಲೇಸು.

ಬ್ಯಾಟರಿ ಸತ್ತಿರುವ ಲ್ಯಾಪ್‌ಟಾಪಿಗೆ ವಿದ್ಯುತ್ ಕಡಿತವೂ ಅಪಾಯಕಾರಿ. ಅನುಸ್ಥಾಪನೆ ಕಡಿದುಹೋದರೆ ಮತ್ತೆ ಆರಂಭಿಸಬಹುದು. ಫರ್ಮ್‌ವೇರ್ ನವೀಕರಣದ ನಡುವೆ ವಿದ್ಯುತ್ ಹೋದರೆ ಮದರ್‌ಬೋರ್ಡೇ ನಿರುಪಯುಕ್ತವಾಗಬಹುದು.

ಮರುಅನುಸ್ಥಾಪನೆಯ ಬಳಿಕ ಹಳೆಯ ಕನ್ನಡ ಕಡತಗಳು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಂಡರೆ ಅವು ಹಾಳಾಗಿವೆ ಎಂದು ಅಳಿಸಬಾರದು. ಅವು ಯುನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯಲ್ಲಿ ಬರೆದವಾಗಿರಬಹುದು; ಆ ಅಕ್ಷರಶೈಲಿಯನ್ನು ಮತ್ತೆ ಅಳವಡಿಸಿದರೆ ಪಠ್ಯವು ಮೊದಲಿನಂತೆಯೇ ಕಾಣಿಸುತ್ತದೆ.